ಬಂಬೂತಿಗಳ ಊರು ಪೋರ್ಟ್ ಸೈದ್

ಆಫ್ರಿಕಾದಿಂದ ಏಷ್ಯಾಕ್ಕೆ ದಾಟಲು ಇಲ್ಲಿ ಕಾಸು ಕೊಡಬೇಕಿಲ್ಲ. ಈಜಿಪ್ಟಿನ ಪೋರ್ಟ್ ಸೈದ್ ದಂಡೆಯಲ್ಲಿ ಫೆರಿ ಹತ್ತಿದರೆ ಕೆಲವೇ ನಿಮಿಷಗಳಲ್ಲಿ ಸುಯೆಜ್ ಕಾಲುವೆಯ ಆಚೆ ದಡದ ಪೋರ್ಟ್ ಫುವಾದ್. ಶಾಲೆ ಮಕ್ಕಳು, ಸೈಕಲ್ಲಿನವರು, ತರಕಾರಿ ಚೀಲದ ಹೆಂಗಸರು, ಕಾರುಗಳು ಎಲ್ಲಕ್ಕೂ ಒಂದೇ ಫೆರಿ. ಮಕ್ಕಳು ಎಸೆಯುವ ಬ್ರೆಡ್ಡಿನ ಚೂರಿಗೆ ಕಡಲಹಕ್ಕಿಗಳು ಮುಗಿಬೀಳುತ್ತವೆ. ಖಂಡ ಬದಲಾಯಿತೆಂಬ ಬೆರಗು ನನ್ನಂಥ ಹೊರಗಿನವರಿಗೆ. ಉಳಿದವರಿಗೆ ಅದು ಕೆಲಸ ಮುಗಿಸಿ ಮನೆಗೆ ಹೋಗುವ ದಾರಿ.

1859ರ ಏಪ್ರಿಲ್ 25ರಂದು ಫ್ರಾನ್ಸಿನ ಫರ್ಡಿನಾಂಡ್ ಡಿ ಲೆಸೆಪ್ಸ್ ಕಾಲುವೆಗೆ ಮೊದಲ ಗುದ್ದಲಿ ಹಾಕಿದ್ದು ಈ ದಂಡೆಯಲ್ಲೇ. ಆಗ ಇಲ್ಲಿ ಊರೇ ಇರಲಿಲ್ಲ. ಹಳ್ಳಿಗಳಿಂದ ಬಲವಂತವಾಗಿ ಎಳೆತಂದ ರೈತರು ಮರಳು ಅಗೆದರು, 1869ರ ನವೆಂಬರ್ 17ರಂದು ಕಾಲುವೆ ತೆರೆಯಿತು. ಸಾಲದಲ್ಲಿ ಮುಳುಗಿದ್ದ ಈಜಿಪ್ಟಿನ ದೊರೆ ಖೆದೀವ್ ಇಸ್ಮಾಯಿಲ್ 1875ರಲ್ಲಿ ತನ್ನ ಷೇರುಗಳನ್ನು 40 ಲಕ್ಷ ಪೌಂಡಿಗೆ ಬ್ರಿಟನ್ನಿಗೆ ಮಾರಿದ. 1882ರಲ್ಲಿ ಬ್ರಿಟಿಷ್ ಸೇನೆಯೇ ಬಂದು ಕೂತಿತು. ಇಂದು ಕಾಲುವೆಯ ಉದ್ದ 193 ಕಿ.ಮೀ. 1914ರ ಕೊನೆಗೆ ಇದನ್ನು ಕಾಯಲು ಬಂದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಸವಾರರೂ ಇದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಅವರ ಸ್ಮಾರಕದ ಮುಂದೆ ದಿನವೂ ಓಡಾಡುವವರಲ್ಲಿ ಎಷ್ಟು ಮಂದಿಗೆ ಸುಯೆಜ್ ನೆನಪಾಗುತ್ತದೋ.

ದಂಡೆಯುದ್ದಕ್ಕೂ ನಡೆದು ಕಡಲು ಸೇರುವಲ್ಲಿಗೆ ಬಂದರೆ ಭಾರೀ ಕಲ್ಲಿನ ಪೀಠವೊಂದಿದೆ. ಅದರ ಮೇಲೆ ಯಾರೂ ಇಲ್ಲ. 1899ರಿಂದ ಡಿ ಲೆಸೆಪ್ಸ್‌ನ ಪ್ರತಿಮೆ ಇಲ್ಲಿ ಕೈ ಚಾಚಿ ಹಡಗುಗಳಿಗೆ ಕಾಲುವೆಯ ದಾರಿ ತೋರಿಸುತ್ತಿತ್ತು. 1956ರ ಜುಲೈ 26ರಂದು ಅಲೆಕ್ಸಾಂಡ್ರಿಯಾದ ಭಾಷಣದಲ್ಲಿ ಅಧ್ಯಕ್ಷ ನಾಸರ್ ಡಿ ಲೆಸೆಪ್ಸ್‌ನ ಹೆಸರನ್ನು ಮತ್ತೆ ಮತ್ತೆ ಎತ್ತಿದರು. ಆ ಹೆಸರೇ ಸಂಕೇತ. ರೇಡಿಯೋಗೆ ಕಿವಿಗೊಟ್ಟು ಕಾದಿದ್ದ ಮಹಮೂದ್ ಯೂನಿಸ್‌ರ ತಂಡ ಅದನ್ನು ಕೇಳಿದ್ದೇ ಕಾಲುವೆ ನಡೆಸುತ್ತಿದ್ದ ಕಂಪನಿಯ ಕಚೇರಿಗಳನ್ನು ವಶಕ್ಕೆ ತೆಗೆದುಕೊಂಡಿತು. ಇದಾದ ಮೇಲೆ ಬ್ರಿಟನ್, ಫ್ರಾನ್ಸ್, ಇಸ್ರೇಲ್ ಮೂರೂ ದಾಳಿ ಮಾಡಿದವು. ಪೋರ್ಟ್ ಸೈದ್ ಬಾಂಬಿಗೆ ಸಿಕ್ಕಿ ಸುಟ್ಟಿತು. ಡಿಸೆಂಬರಿನಲ್ಲಿ ಪರಕೀಯ ಸೇನೆ ಹಡಗು ಹತ್ತಿದ ಬೆನ್ನಲ್ಲೇ ಊರಿನವರು ಪ್ರತಿಮೆಯನ್ನು ಸಿಡಿಮದ್ದಿಟ್ಟು ಉರುಳಿಸಿದರು.

ದುರಸ್ತಿಯಾದ ಆ ಪ್ರತಿಮೆಯನ್ನು ಮತ್ತೆ ಪೀಠಕ್ಕೇರಿಸಬೇಕೇ ಎಂಬ ಜಗಳ 2020ರಲ್ಲಿ ಜೋರಾಗಿ ಎದ್ದಿತು. ಇತಿಹಾಸ ಉಳಿಯಲಿ, ಪ್ರವಾಸಿಗರು ಬರಲಿ ಎಂದವರು ಕೆಲವರು. ಅಗೆಯುತ್ತ ಸತ್ತವರಿಗೆ ಅದು ಅವಮಾನ ಎಂದವರು ಬಹಳ. ಹಾಗೆ ಸತ್ತವರು 1,20,000 ಎಂದು ನಾಸರ್ ಹೇಳಿದ್ದರು. ಕೊನೆಗೆ ಪ್ರತಿಮೆ ಇಸ್ಮಾಯಿಲಿಯಾ ನಗರದ ವಸ್ತುಸಂಗ್ರಹಾಲಯಕ್ಕೆ ಹೋಯಿತು. ಸರಿಯಾದದ್ದೇ ಆಯಿತು. ಆ ಪೀಠ ಯಾರಿಗಾದರೂ ಸಲ್ಲಬೇಕಾದರೆ ಗುದ್ದಲಿ ಹಿಡಿದವನಿಗೆ ಸಲ್ಲಬೇಕು.

ಪೀಠದ ಹತ್ತಿರವೇ ಚರ್ಮದ ಚೀಲ, ಪಪೈರಸ್ ಚಿತ್ರ, ತಾಮ್ರದ ತಟ್ಟೆ ಹರವಿಕೊಂಡು ಕೂತಿದ್ದ ಮುದುಕರೊಬ್ಬರು ನಾನು ಭಾರತದವನೆಂದು ತಿಳಿದದ್ದೇ ಅಮಿತಾಭ್ ಬಚ್ಚನ್ ಹೆಸರು ಹೇಳಿ ಪಕ್ಕದಲ್ಲಿ ಕೂರಿಸಿಕೊಂಡರು. ಅವರು ಬಂಬೂತಿ. ಸಣ್ಣ ದೋಣಿಯಲ್ಲಿ ಹಡಗಿನ ಮಗ್ಗುಲಿಗೆ ಹೋಗಿ ವ್ಯಾಪಾರ ಮಾಡುವವರಿಗೆ ಇಲ್ಲಿ ಹಾಗೆನ್ನುತ್ತಾರೆ. ಕೆಳಗಿನಿಂದ ಹಗ್ಗ ಎಸೆಯುವುದು, ಅದಕ್ಕೆ ಕಟ್ಟಿದ ಬುಟ್ಟಿಯಲ್ಲಿ ಸಾಮಾನು ಮೇಲೇರುವುದು, ಹಣವೋ ಸಿಗರೇಟೋ ಕೆಳಗಿಳಿಯುವುದು. ನಂಬಿಕೆಯ ಮೇಲೆ ನಿಂತ ವ್ಯಾಪಾರ, ಏಕೆಂದರೆ ಹಡಗು ಹೊರಟರೆ ಬಾಕಿ ವಸೂಲಿ ಮಾಡುವ ಮಾತೇ ಇಲ್ಲ. ಗ್ರೀಕ್, ಇಟಾಲಿಯನ್, ರಷ್ಯನ್, ಹಿಂದಿ ಎಲ್ಲ ಭಾಷೆಯಲ್ಲೂ ಚೌಕಾಸಿಗೆ ಬೇಕಾದಷ್ಟು ಮಾತು ಅವರ ನಾಲಗೆಯ ಮೇಲಿದೆ. ಶಾಲೆಯಲ್ಲಿ ಕಲಿತದ್ದಲ್ಲವಂತೆ, ಅಪ್ಪನ ದೋಣಿಯಲ್ಲಿ ಕೂತು ಕಲಿತದ್ದು. ಸಿಮ್ಸಿಮಿಯ್ಯ ಎಂಬ ತಂತಿವಾದ್ಯದ ನಾದಕ್ಕೆ ಹುಟ್ಟು ಹಾಕುವ, ಹಗ್ಗ ಎಳೆಯುವ ಭಂಗಿಗಳಲ್ಲಿ ಕುಣಿಯುವ ಬಂಬೂತಿ ಕುಣಿತವೂ ಈ ಕಸುಬಿನಿಂದಲೇ ಹುಟ್ಟಿತು. ಕೂತಲ್ಲೇ ತೋಳೆರಡನ್ನೂ ಆಡಿಸಿ ಅದನ್ನು ತೋರಿಸಿಕೊಟ್ಟರು.

ಕಸುಬು ಕೈಬಿಟ್ಟದ್ದು ಒಂದೇಟಿಗೆ ಅಲ್ಲ. ವಿಮಾನ ಬಂದು ಮುಂಬಯಿ–ಲಂಡನ್ ಪ್ರಯಾಣಿಕರ ಹಡಗುಗಳು ನಿಂತವು. 1967ರ ಯುದ್ಧದಿಂದ 1975ರ ಜೂನ್ 5ರವರೆಗೆ ಕಾಲುವೆಯೇ ಮುಚ್ಚಿತ್ತು, ಊರಿನ ಜನ ಮನೆ ಬಿಟ್ಟು ದೂರದ ಊರುಗಳಲ್ಲಿ ನಿರಾಶ್ರಿತರಾಗಿದ್ದರು. 1980ರಲ್ಲಿ ಪೂರ್ವಕ್ಕೆ ತೋಡಿದ ಕವಲು ಕಾಲುವೆಯಿಂದಾಗಿ ದೊಡ್ಡ ಹಡಗುಗಳು ಊರನ್ನು ಮುಟ್ಟದೆ ನೇರ ಕಡಲಿಗೆ ಹೋಗುತ್ತವೆ. ಈ ದಂಡೆಯಿಂದ ಅವುಗಳ ಕಂಟೇನರ್ ರಾಶಿ ಮಾತ್ರ ಕಾಣುತ್ತದೆ. ಅಷ್ಟೆತ್ತರದ ಡೆಕ್ಕಿಗೆ ಹಗ್ಗ ಎಸೆಯುವ ತೋಳು ಯಾರಿಗಿದೆ?

ಈಗಂತೂ ಆ ಹಡಗುಗಳೂ ಕಡಿಮೆ. 2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಯೆಮೆನ್ನಿನ ಹೌತಿ ಬಂಡುಕೋರರ ದಾಳಿ ಶುರುವಾಗಿ ಕಂಪನಿಗಳು ಆಫ್ರಿಕಾ ಸುತ್ತಿ ಹೋಗತೊಡಗಿದವು. 2023ರಲ್ಲಿ ಸಾವಿರ ಕೋಟಿ ಡಾಲರ್ ದಾಟಿದ್ದ ಕಾಲುವೆಯ ಆದಾಯ ಮರುವರ್ಷ 400 ಕೋಟಿಯ ಆಸುಪಾಸಿಗೆ ಕುಸಿಯಿತು. ಕೈರೋದಲ್ಲಿ ಇದು ಬಜೆಟ್ಟಿನ ತಲೆನೋವು. ಆದರೆ ಸಾವಿರ ಕೋಟಿ ಬಂದ ವರ್ಷವೂ ತಮ್ಮ ಬುಟ್ಟಿಗೆ ಏನೂ ಬೀಳಲಿಲ್ಲ ಎನ್ನುವ ಈ ಮುದುಕರ ಮಾತನ್ನು ತಳ್ಳಿಹಾಕುವುದು ನನಗಂತೂ ಆಗಲಿಲ್ಲ.

ಪೀಠದ ಮೇಲೆ ಯಾರು ನಿಲ್ಲಬೇಕು ಎಂದು ಕೇಳಿದೆ. ಓದಿದವರು ಅದನ್ನು ತೀರ್ಮಾನಿಸಲಿ ಎಂದುಬಿಟ್ಟರು. ಅವರಿಗೆ ಬೇಕಾದದ್ದು ಬಂದರಿನೊಳಗೆ ಹೋಗುವ ಪಾಸು. ಭದ್ರತೆಯ ಹೆಸರಲ್ಲಿ ಅದು ಸಿಗುವುದೇ ಕಷ್ಟವಾಗಿದೆಯಂತೆ. ಆಗೊಮ್ಮೆ ಈಗೊಮ್ಮೆ ಪ್ರವಾಸಿ ಹಡಗು ಬಂದರೆ ಜನರನ್ನು ಬಸ್ಸಿಗೆ ಹತ್ತಿಸಿ ಸೀದಾ ಪಿರಮಿಡ್ ನೋಡಲು ಒಯ್ಯುತ್ತಾರೆ. ಬಸ್ಸು ಹೊರಡುವ ಮುಂಚೆ ಒಂದು ಗಂಟೆ, ಹಡಗಿನ ಮೆಟ್ಟಿಲ ಬುಡದಲ್ಲಿ ಸಾಮಾನು ಹರವಲು ಬಿಟ್ಟರೆ ಸಾಕು ಎಂದರು.