ಒಂದಕ್ಷರ ತಿದ್ದಿ ಬದುಕುವ ಬ್ಯಾಕ್ಟೀರಿಯಾ

‘ಆ್ಯಂಟಿಬಯಾಟಿಕ್ ಪದೇ ಪದೇ ನುಂಗಿದರೆ ಮೈಗೆ ಒಗ್ಗಿಹೋಗಿ ಮುಂದೆ ನಾಟುವುದಿಲ್ಲವಂತೆ, ನಿಜವೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಓದಿದವರ ಬಾಯಲ್ಲೂ ಈ ಮಾತು ಕೇಳಿ ಕೇಳಿ ಬೇಸರವಾಗಿದೆ. ನಮ್ಮ ಮೈ ಯಾವುದಕ್ಕೂ ಒಗ್ಗುತ್ತಿಲ್ಲ. ಬದಲಾಗುವುದು ಬ್ಯಾಕ್ಟೀರಿಯಾ. ಅದೂ ಎಷ್ಟು ನಾಜೂಕಾಗಿ!

ಎರಿತ್ರೋಮೈಸಿನ್ನನ್ನೇ ತೆಗೆದುಕೊಳ್ಳಿ. ಫಿಲಿಪೈನ್ಸ್‌ನ ಮಣ್ಣಲ್ಲಿ ಸಿಕ್ಕ ಬ್ಯಾಕ್ಟೀರಿಯಾದಿಂದ ತೆಗೆದ ಈ ಔಷಧ 1952ರಲ್ಲಿ ಬಳಕೆಗೆ ಬಂತು. ಬ್ಯಾಕ್ಟೀರಿಯಾದ ಪ್ರೋಟೀನು ಕಟ್ಟುವ ಯಂತ್ರವಾದ ರೈಬೋಸೋಮಿನಲ್ಲಿ ಹೊಸ ಪ್ರೋಟೀನು ಹೊರಬರುವ ಸುರಂಗವನ್ನು ಇದು ಅಡ್ಡಗಟ್ಟಿಬಿಡುತ್ತದೆ. ಸುರಂಗದ ಗೋಡೆ ಬಹುಪಾಲು ಆರ್‌ಎನ್‌ಎಯದು, ಇ. ಕೋಲೈನಲ್ಲಿ 2904 ಅಕ್ಷರಗಳ ಸರಪಳಿ. ಔಷಧ ಆತುಕೊಳ್ಳುವುದು ಅದರ 2058ನೆಯ ಅಕ್ಷರಕ್ಕೆ, ಒಂದು ಅಡೆನಿನ್‌ಗೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾದಲ್ಲಿರುವ ಎರ್ಮ್ ಎಂಬ ಕಿಣ್ವ ಸರಿಯಾಗಿ ಅದಕ್ಕೇ ಎರಡು ಮೀಥೈಲ್ ಗುಂಪು ಅಂಟಿಸುತ್ತದೆ. ಒಂದೊಂದರಲ್ಲೂ ಒಂದು ಕಾರ್ಬನ್, ಮೂರು ಹೈಡ್ರೋಜನ್, ಅಷ್ಟೇ. ರೈಬೋಸೋಮ್ ಪೂರ್ತಿ ಜೋಡಣೆಯಾಗುವ ಮೊದಲೇ ಈ ಕೆಲಸ ಮುಗಿದಿರುತ್ತದೆ. ಬಸ್ಸಿನ ಸೀಟಿಗೆ ಕಿಟಕಿಯಿಂದಲೇ ಟವೆಲ್ ಹಾಕಿದ ಹಾಗೆ, ಆಮೇಲೆ ಬಂದ ಔಷಧಕ್ಕೆ ಜಾಗವಿಲ್ಲ.

ಎರಿತ್ರೋಮೈಸಿನ್ ತಯಾರಿಸುವ ಮಣ್ಣಿನ ಬ್ಯಾಕ್ಟೀರಿಯಾದಲ್ಲೂ ಇದೇ ಬಳಗದ ಕಿಣ್ವವಿದೆ. ತಾನೇ ಮಾಡಿದ ವಿಷ ತನಗೇ ತಗಲಬಾರದಲ್ಲ!

ಸ್ಟೆಫಿಲೋಕಾಕಸ್‌ನ ಕೆಲವು ತಳಿಗಳ ಏರ್ಪಾಡಂತೂ ನನ್ನನ್ನು ಪ್ರತಿಸಲವೂ ಬೆರಗಾಗಿಸುತ್ತದೆ. ಮೀಥೈಲ್ ಅಂಟಿದ ರೈಬೋಸೋಮ್ ಕೆಲವು ಪ್ರೋಟೀನುಗಳನ್ನು ಸರಿಯಾಗಿ ಕಟ್ಟಲಾರದು. ಹಾಗಾಗಿ ಕಿಣ್ವವನ್ನು ಸದಾ ಮಾಡುತ್ತ ಕೂತರೆ ನಷ್ಟ. ಅದರ ಸಂದೇಶ ಹೊತ್ತ ಎಂಆರ್‌ಎನ್‌ಎ ಮಡಚಿಕೊಂಡು ಆರಂಭದ ಜಾಗವನ್ನೇ ಮುಚ್ಚಿಟ್ಟಿರುತ್ತದೆ. ಅದಕ್ಕೂ ಮುಂಚೆ 19 ಅಮೈನೋ ಆಮ್ಲಗಳ ಪುಟ್ಟ ಸರಣಿಯೊಂದರ ಪಾಠವಿದೆ. ಕೊಂಚ ಎರಿತ್ರೋಮೈಸಿನ್ ಒಳನುಗ್ಗಿದರೆ, ಅದು ಹಿಡಿದ ರೈಬೋಸೋಮ್ ಈ ಪುಟ್ಟ ಪಾಠದ ನಡುವೆ ಸಿಕ್ಕಿಕೊಂಡು ನಿಲ್ಲುತ್ತದೆ. ನಿಂತಿತೋ, ಮಡಿಕೆ ಬಿಚ್ಚಿ ಕಿಣ್ವದ ಸಂದೇಶ ತೆರೆದುಕೊಳ್ಳುತ್ತದೆ. ಔಷಧ ಇನ್ನೂ ಹಿಡಿಯದ ರೈಬೋಸೋಮುಗಳು ಅದನ್ನು ಓದಿ ಕಿಣ್ವ ತಯಾರಿಸುತ್ತವೆ. ಕೊಲ್ಲಲು ಬಂದ ಮದ್ದೇ ಎಚ್ಚರಿಕೆ ಕೊಟ್ಟಂತಾಯಿತು.

ಪ್ರಯೋಗಾಲಯದಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಕ್ಲಿಂಡಮೈಸಿನ್ ಕೂಡ ಅದೇ ಅಡೆನಿನ್ ಬಳಿ ಕೂರುವ ಔಷಧ, ಆದರೆ ಇಂಥ ತಳಿಗಳಲ್ಲಿ ಕಿಣ್ವವನ್ನು ಎಬ್ಬಿಸುವುದಿಲ್ಲ. ಅದರಲ್ಲಿ ಅದ್ದಿದ ಕಾಗದದ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ದುಂಡನೆಯ ಬಯಲು ಉಳಿಯುತ್ತದೆ. ಪಕ್ಕದಲ್ಲಿ ಎರಿತ್ರೋಮೈಸಿನ್ ಬಿಲ್ಲೆ ಇಟ್ಟರೆ ಆ ಕಡೆಯ ಅಂಚಿನಲ್ಲಿ ಬ್ಯಾಕ್ಟೀರಿಯಾ ಎಚ್ಚೆತ್ತು ಬೆಳೆದು, ಬಯಲು ಇಂಗ್ಲಿಷಿನ ‘ಡಿ’ ಆಕಾರ ತಾಳುತ್ತದೆ. ಡಿ ಮೂಡಿದರೆ ಕ್ಲಿಂಡಮೈಸಿನ್ ನಾಟುವುದಿಲ್ಲವೆಂದೇ ವರದಿ ಬರೆಯುತ್ತಾರೆ.