ಸಾಮು, ದುಡಿಮೆ, ಖುರಾಕು

ಜಾತ್ರೆಯ ಜಂಗಿ ನಿಕಾಲಿ ಕುಸ್ತಿಗೆ ಇಳಿಯುವ ಎಲ್ಲರಿಗೂ ಕುಸ್ತಿಯೇ ಹೊಟ್ಟೆಪಾಡಲ್ಲ. ಹುನಗುಂದದ ಎರಿ ಹೊಲದ ರೈತ, ಇಳಕಲ್ಲಿನ ಕುಣಿಮಗ್ಗದ ನೇಕಾರ, ಅಲ್ಲಿನ ಗ್ರಾನೈಟ್ ಕಣಿಯ ಕೂಲಿಗಾರ, ಬಾಗಲಕೋಟೆಯ ನವನಗರದ ಕಾಲೇಜು ಹುಡುಗ ಇವರೆಲ್ಲ ಹವ್ಯಾಸಿಗಳು. ಇಂಥವರು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ದಿನದ ದುಡಿಮೆಯ ಮೇಲೆ ಎಷ್ಟು ಸಾಮು, ಅದಕ್ಕೆ ಎಷ್ಟು ಖುರಾಕು?

ಗರಡಿಯ ಕ್ರಮ

ಎಣ್ಣೆ, ಮಜ್ಜಿಗೆ, ಅರಿಷಿಣ ಬೆರೆಸಿದ ಕೆಂಪು ಮಟ್ಟಿಯನ್ನು ಅಗೆದು ಹದ ಮಾಡುವಲ್ಲಿಂದಲೇ ಪೈಲ್ವಾನನ ಸಾಮು ಶುರುವಾಗುತ್ತದೆ. ದಂಡ ಹೊಡೆದರೆ ಎದೆ, ಭುಜ, ತೋಳು ಗಟ್ಟಿಯಾಗುತ್ತವೆ. ಬಸ್ಕಿಯಿಂದ ತೊಡೆಗೆ ಕಸುವು. ಹಗ್ಗ ಹತ್ತಿದರೆ ಹಿಡಿತ ಬರುತ್ತದೆ. ಕೊನೆಗೆ ಉಸ್ತಾದರ ಕಣ್ಣೆದುರು ಜೋಡಿ ಹಿಡಿದು ಪಟ್ಟುಗಳ ಅಭ್ಯಾಸ.

ಸ್ಪರ್ಧೆ ಬೇರೆಯಾದರೆ ತಾಲೀಮೂ ಬೇರೆ. ಗುಂಡುಕಲ್ಲು ಅಥವಾ ಉಸುಕಿನ ಚೀಲ ಎತ್ತುವವನಿಗೆ ಒಂದೇ ಏಟಿನ ಬಲ ಬೇಕು. ಅವನು ಭಾರ ಹೆಚ್ಚಿಸಿ, ಕೆಲವೇ ಸಲ ಎತ್ತಿ, ನಡುನಡುವೆ ಚೆನ್ನಾಗಿ ದಣಿವಾರಿಸಿಕೊಳ್ಳಬೇಕು. ಮ್ಯಾಟ್ ಕುಸ್ತಿಯಲ್ಲಿ 3 ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡು ಬಿಡುವು. ಅಲ್ಲಿ ಬಲದ ಜೊತೆ ದಮ್ಮೂ ಉಳಿಯಬೇಕು.

ದುಡಿಮೆಯೂ ಲೆಕ್ಕಕ್ಕೆ

ಇಡೀ ದಿನ ಕಲ್ಲು ಹೊತ್ತವನ ಬೆನ್ನಿಗೆ ಸಂಜೆ ಮತ್ತೆ ಗುಂಡು ಎತ್ತಿಸಿದರೆ ಬಲ ಬರುವುದಕ್ಕಿಂತ ನೋವು ಬರುವುದೇ ಹೆಚ್ಚು. ಅವನಿಗೆ ಆ ಹೊತ್ತು ಪಟ್ಟು ಕಲಿಯುವುದು ಸಾಕು. ತಾಸುಗಟ್ಟಲೆ ಮಗ್ಗದ ಮುಂದೆ ಕೂತ ನೇಕಾರನ ಸೊಂಟ, ತೊಡೆ ಬಿಗಿದಿರುತ್ತವೆ. ಅವನು ಮೊದಲು ಮೈ ಸಡಿಲಿಸಿ, ಓಡಿ, ಆಮೇಲೆ ಬಸ್ಕಿಗೆ ಇಳಿಯಬೇಕು. ಹೊಲದಲ್ಲಿ ಕೆಲಸ ಜೋರಾಗಿರುವಾಗ ಸಾಮು ಇಳಿಸಿ, ಸುಗ್ಗಿ ಮುಗಿದ ಮೇಲೆ ಏರಿಸುವುದೇ ರೈತನಿಗೆ ಸರಿ. ಮೈ ಬಲಗೊಳ್ಳುವುದು ಸಾಮು ಮುಗಿದ ಮೇಲಿನ ಊಟ, ನಿದ್ದೆಗಳಲ್ಲಿ.

ತಾಟಿನ ಲೆಕ್ಕ

ಖುರಾಕಿನ ಚಿಂತೆ ನಮ್ಮಲ್ಲಿ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ತನ್ನ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದಕ್ಕೇ ಒಂದು ಭಾಗ ಮೀಸಲಿಟ್ಟು, ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವಿಂಗಡಿಸಿದ್ದಾನೆ. ಅವರಿಗೆ ಬೇಳೆಕಾಳು, ಮಾಂಸ, ಹಾಲು, ಸಿಹಿ ಕೊಡಬೇಕೆಂದೂ ಹೇಳಿದ್ದಾನೆ.

ಈಗ ಖುರಾಕು ಎಂದೊಡನೆ ಬದಾಮಿ ಅರೆದ ಥಂಡಾಯಿಯೋ ಡಬ್ಬಿಯ ಪೌಡರೋ ನೆನಪಾಗುತ್ತದೆ. ಆದರೆ 10 ಬದಾಮಿಯಲ್ಲಿರುವ ಪ್ರೋಟೀನು ಸುಮಾರು 2.5 ಗ್ರಾಂ, 30 ಗ್ರಾಂ ಶೇಂಗಾದಲ್ಲಿ 7 ಗ್ರಾಮಿಗೂ ಹೆಚ್ಚು. ಕಸರತ್ತು ಮಾಡುವವರಿಗೆ ದಿನಕ್ಕೆ ಪ್ರತಿ ಕಿಲೋ ಮೈತೂಕಕ್ಕೆ 1.4ರಿಂದ 2 ಗ್ರಾಂ ಪ್ರೋಟೀನು ಸಾಕೆನ್ನುತ್ತದೆ ಕ್ರೀಡಾ ಪೋಷಣೆಯ ಶಾಸ್ತ್ರ. 65 ಕಿಲೋ ತೂಗುವವನಿಗೆ 100 ಗ್ರಾಂ ಎಂದಿಟ್ಟುಕೊಳ್ಳೋಣ. ಆರು ಜೋಳದ ರೊಟ್ಟಿ, ಮಡಕಿ ಕಾಳಿನ ಪಲ್ಯ, ತೊಗರಿ ಬೇಳೆ, ಒಂದು ಹಿಡಿ ಶೇಂಗಾ, ಅರ್ಧ ಲೀಟರ್ ಎಮ್ಮೆ ಹಾಲು, ಒಂದು ಬಟ್ಟಲು ಮೊಸರು, ಎರಡು ತತ್ತಿ: ಇಷ್ಟರಲ್ಲಿ ಅದು ಹೆಚ್ಚುಕಡಿಮೆ ತುಂಬುತ್ತದೆ. ತತ್ತಿ ತಿನ್ನದವರು ಕಾಳು, ಹಾಲು ಹೆಚ್ಚಿಸಿದರಾಯಿತು.

ಜೋಳದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಕಾಳುಗಳಲ್ಲಿ ಹೇರಳ. ಹಾಗಾಗಿ ರೊಟ್ಟಿಗೆ ಬರೀ ಖಾರ ಹಚ್ಚಿಕೊಂಡು ಉಂಡರೆ ಹೊಟ್ಟೆ ತುಂಬೀತು, ಸ್ನಾಯುವಿಗೆ ಸಾಲದು. ಸಾಮಿಗೆ ಬೇಕಾದ ಇಂಧನ ಮಾತ್ರ ರೊಟ್ಟಿಯದೇ. ಅದನ್ನು ಬಿಟ್ಟರೆ ದಮ್ಮು ಉಳಿಯದು. ಊಟ ಸಾಮಿಗೆ ಎರಡು ಮೂರು ತಾಸು ಮೊದಲೇ ಆಗಿರಲಿ. ಮುಗಿದ ಮೇಲೆ ಹಾಲು, ಬಾಳೆಹಣ್ಣು.

ನೀರು, ತೂಕ

ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ಮುಟ್ಟುವ ಈ ಸೀಮೆಯಲ್ಲಿ ಸಾಮು ಬೆಳಗಿನ ಜಾವವೇ ಆಗಲಿ. ಸಾಮಿನ ಮೊದಲು, ಆಮೇಲೆ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಒಂದೂವರೆ ಲೀಟರಿನಷ್ಟು ನೀರನ್ನು, ಉಪ್ಪು ಹಾಕಿದ ಮಜ್ಜಿಗೆಯನ್ನು ಸ್ವಲ್ಪಸ್ವಲ್ಪವಾಗಿ ಕುಡಿಯಬೇಕು.

ತೂಕದ ವರ್ಗಕ್ಕೆ ಇಳಿಯಲು ಹಲವರು ನೀರು ಬಿಟ್ಟು ಬೆವರು ಸುರಿಸುತ್ತಾರೆ. ಹೀಗೆ ಇಳಿಯುವುದು ನೀರೇ ಹೊರತು ಕೊಬ್ಬಲ್ಲ. ಹೃದಯ, ಮೂತ್ರಪಿಂಡಗಳಿಗೆ ಅಪಾಯ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ ತೂಕ 100 ಗ್ರಾಂ ಹೆಚ್ಚಿದ್ದಕ್ಕೆ ಫೈನಲ್ ಆಡುವ ಅವಕಾಶ ಕಳೆದುಕೊಂಡದ್ದು, ರಾತ್ರಿಯಿಡೀ ತೂಕ ಇಳಿಸಲು ಹೆಣಗಿದ ಮೇಲೆ. ವೈದ್ಯರು, ಕೋಚುಗಳು ಜೊತೆಗಿದ್ದವರಿಗೇ ಹೀಗಾದರೆ, ಬೆಳೆಯುವ ವಯಸ್ಸಿನ ಹುಡುಗರು ಇದಕ್ಕೆ ಕೈಹಾಕಲೇಬಾರದು. ಅವರನ್ನು ಇದ್ದ ತೂಕದ ವರ್ಗದಲ್ಲೇ ಆಡಿಸುವುದು ಉಸ್ತಾದರ ಹೊಣೆ.