ಇಟಲಿಯ ಬೆಟ್ಟಗಳಿಗೆ ಕಾರೇಕೆ?

ಇಟಲಿಯೆಂದೊಡನೆ ನಮ್ಮವರ ಕಣ್ಣ ಮುಂದೆ ನಿಲ್ಲುವುದು ರೋಮಿನ ಪಾಳುಬಿದ್ದ ಭವನಗಳು, ವೆನಿಸ್ಸಿನ ದೋಣಿಗಳು, ಪೀಸಾದ ವಾಲಿದ ಗೋಪುರ. ಅಲ್ಲಿ ಬೆಟ್ಟ ಹತ್ತಿ, ಸೈಕಲ್ಲು ತುಳಿದು, ಕಡಲಂಚಿನ ಕಾಲುದಾರಿಯಲ್ಲಿ ನಡೆದು ರಜೆಯನ್ನು ಕಳೆಯಬಹುದೆಂದರೆ, “ಅದಕ್ಕೆ ಕಾರು ಬೇಡವೇ?” ಎಂಬ ಪ್ರಶ್ನೆ ಮೊದಲು ಏಳುತ್ತದೆ. ಬೇಡವೆಂಬುದೇ ಉತ್ತರ. ಕಾರು ನಿಲ್ಲಿಸಿ ನಡೆಯಹೊರಟವನು ಎಷ್ಟು ದೂರ ಹೋದರೂ ಕಡೆಗೆ ಕಾರಿನ ಬಳಿಗೇ ಮರಳಬೇಕು. ರೈಲಿನಲ್ಲಿ ಬಂದವನಿಗೆ ಆ ಕಟ್ಟಿಲ್ಲ; ಒಂದು ಊರಿನಲ್ಲಿ ಹೊರಟು ಇನ್ನೊಂದರಲ್ಲಿ ನಡಿಗೆಯನ್ನು ಮುಗಿಸಬಹುದು.

ಇದಕ್ಕೆ ಉತ್ತಮ ನಿದರ್ಶನ ಲಿಗೂರಿಯಾ ಕರಾವಳಿಯ ಚಿಂಕ್ವೆ ತೆರ್ರೆ. ಕಡಿದಾದ ಬೆಟ್ಟಕ್ಕೆ ಅಂಟಿಕೊಂಡ ಐದು ಪುಟ್ಟ ಊರುಗಳು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು, ಅವುಗಳ ಆಸರೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹಬ್ಬಿದ ದ್ರಾಕ್ಷಿ ತೋಟಗಳು. 1997ರಲ್ಲಿ ಇದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಲಾ ಸ್ಪೆಟ್ಸಿಯಾ ಮತ್ತು ಲೆವಾಂತೊ ಊರುಗಳ ನಡುವಣ ಸ್ಥಳೀಯ ರೈಲು ಈ ಐದೂ ಊರುಗಳನ್ನು ಮುಟ್ಟುತ್ತದೆ. ಮೊಂತೆರೊಸ್ಸೊದಿಂದ ವೆರ್ನಾತ್ಸಾಕ್ಕೆ ಕಾಲುದಾರಿಯಲ್ಲಿ ಸುಮಾರು ಎರಡು ಗಂಟೆ. ಮರಳಿ ಬರಲು ರೈಲಿನಲ್ಲಿ ಕೆಲವೇ ನಿಮಿಷ!

ಬೆಟ್ಟವೇ ಬೇಕೆನ್ನುವವರು ಉತ್ತರದ ಬೊಲ್ಜಾನೊ ನಗರದಲ್ಲಿ ಬಿಡಾರ ಹೂಡಬೇಕು. ವೆರೋನಾದಿಂದ ನೇರ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ಮೊದಲನೆಯ ಮಹಾಯುದ್ಧದವರೆಗೆ ಈ ಸೀಮೆ ಆಸ್ಟ್ರಿಯಾಕ್ಕೆ ಸೇರಿದ್ದುದರಿಂದ ಪ್ರತಿ ಊರಿಗೂ ಇಟಾಲಿಯನ್ ಮತ್ತು ಜರ್ಮನ್ ಭಾಷೆಗಳಲ್ಲಿ ಎರಡು ಹೆಸರು. ಫಲಕವನ್ನು ಕಂಡು ದಾರಿ ತಪ್ಪಿದೆವೆಂದು ಗಾಬರಿಯಾಗಬೇಕಾಗಿಲ್ಲ. ನಿಲ್ದಾಣದ ಸಮೀಪದಿಂದಲೇ ತೂಗುಬಂಡಿಯೊಂದು ರೆನೋನ್ ಪ್ರಸ್ಥಭೂಮಿಗೆ ಏರುತ್ತದೆ. ಅಲ್ಲಿ 1907ರಿಂದ ಓಡುತ್ತಿರುವ ಚಿಕ್ಕ ರೈಲಿನಲ್ಲಿ ಅಜ್ಜ ಅಜ್ಜಿಯರು ಕುಳಿತು ಸಾಗಲಿ. ಮಕ್ಕಳೂ ಯುವಕರೂ ಜೊತೆಗೇ ಸಾಗುವ ಸಮತಟ್ಟಾದ ದಾರಿಯಲ್ಲಿ ನಡೆದು ಕೊಲ್ಲಾಲ್ಬೊದಲ್ಲಿ ಅವರನ್ನು ಕೂಡಿಕೊಳ್ಳಲಿ. ಈ ದಾರಿಗೆ ಮನಶ್ಶಾಸ್ತ್ರಜ್ಞ ಫ್ರಾಯ್ಡನ ಹೆಸರಿದೆ. 1911ರ ಬೇಸಗೆಯನ್ನು ಆತ ಇಲ್ಲಿ ಕಳೆದಿದ್ದ.

ಸೈಕಲ್ಲಿನ ಹವ್ಯಾಸವಿದ್ದವರಿಗೆ ಪುಸ್ತೇರಿಯಾ ಕಣಿವೆಯ ಸಾನ್ ಕಾಂದಿದೊ ಇದೆ. ಬಾಡಿಗೆಯ ಸೈಕಲ್ಲಿನಲ್ಲಿ ನಲವತ್ತಕ್ಕೂ ಹೆಚ್ಚು ಕಿಲೋಮೀಟರು, ಬಹುಪಾಲು ಇಳಿಜಾರಿನಲ್ಲೇ, ಗಡಿ ದಾಟಿ ಆಸ್ಟ್ರಿಯಾದ ಲೀನ್ಜ್ ಪಟ್ಟಣವನ್ನು ಸೇರಿ ರೈಲಿನಲ್ಲಿ ಹಿಂದಿರುಗಬಹುದು. ಪಾಸ್‌ಪೋರ್ಟ್ ಜೇಬಿನಲ್ಲಿರಲಿ. ಹಳಿಗಳ ಕೆಲಸ ನಡೆಯುವಾಗ ರೈಲಿನ ಬದಲು ಬಸ್ಸು ಓಡುವುದುಂಟು; ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಲೇಸು.

ಇಷ್ಟು ಸ್ವಾತಂತ್ರ್ಯಕ್ಕೆ ತೆರಬೇಕಾದ ಬೆಲೆ ಒಂದೇ: ವೇಳಾಪಟ್ಟಿಯನ್ನು ಓದುವ ತಾಳ್ಮೆ. ‘ಫೆರಿಯಾಲೆ’ ಎಂದರೆ ಕೆಲಸದ ದಿನ, ‘ಫೆಸ್ತೀವೊ’ ಎಂದರೆ ಭಾನುವಾರ ಮತ್ತು ರಜಾದಿನ. ಈ ಭೇದವನ್ನರಿಯದವರು ಮಕ್ಕಳೊಡನೆ ಸಂಜೆಗತ್ತಲಲ್ಲಿ, ಬಾರದ ಬಸ್ಸಿಗಾಗಿ ಬೆಟ್ಟದ ತಿರುವಿನಲ್ಲಿ ಕಾದು ನಿಲ್ಲಬೇಕಾದೀತು. ಆದುದರಿಂದ ಕಡೆಯ ಬಸ್ಸನ್ನು ನೆಚ್ಚಬೇಡಿ. ಅದಕ್ಕೆ ಮುಂಚಿನದನ್ನೇ ನಿಮ್ಮ ಕಡೆಯ ಬಸ್ಸೆಂದು ಬರೆದಿಟ್ಟುಕೊಳ್ಳಿ. ‘ಷೋಪೆರೊ’ ಎಂದರೆ ಮುಷ್ಕರ. ಅಂದು ಊರಿನಲ್ಲೇ ಅಡ್ಡಾಡುವುದು ಕ್ಷೇಮ. ಸ್ಥಳೀಯ ರೈಲಿನ ಕಾಗದದ ಟಿಕೆಟ್ಟಿಗೆ ಹತ್ತುವ ಮುನ್ನ ನಿಲ್ದಾಣದ ಯಂತ್ರದಲ್ಲಿ ಮುದ್ರೆ ಹಾಕಿಸದಿದ್ದರೆ ದಂಡ ತಪ್ಪದು.

ಬೇಸಗೆಯಲ್ಲಿ ಬೆಟ್ಟದ ಮೇಲೆ ಮಧ್ಯಾಹ್ನದ ನಂತರ ಗುಡುಗು ಮಳೆ ಸಾಮಾನ್ಯ, ಬೆಳಿಗ್ಗೆಯೇ ಹೊರಡಿ. ಮಳೆ ಹೆಚ್ಚಿದರೆ ಚಿಂಕ್ವೆ ತೆರ್ರೆಯ ದಾರಿಗಳನ್ನೂ ಮುಚ್ಚುತ್ತಾರೆ. 2011ರ ಅಕ್ಟೋಬರಿನ ಪ್ರವಾಹದಲ್ಲಿ ವೆರ್ನಾತ್ಸಾ, ಮೊಂತೆರೊಸ್ಸೊ ಊರುಗಳು ಕೆಸರಿನಲ್ಲಿ ಹೂತುಹೋದುದನ್ನು ನೆನೆದರೆ ಆ ಎಚ್ಚರಿಕೆ ಅತಿಯೆನಿಸದು. ಆಗಸ್ಟಿನ ನೂಕುನುಗ್ಗಲನ್ನು ಬಿಟ್ಟು ಜೂನ್ ಇಲ್ಲವೆ ಸೆಪ್ಟೆಂಬರನ್ನು ಆರಿಸಿಕೊಳ್ಳಿ. ಹತ್ತು ದಿನಗಳಿಗೆ ಎರಡೇ ಬಿಡಾರ ಸಾಕು; ಊರೂರಿಗೆ ಪೆಟ್ಟಿಗೆ ಹೊರುವುದರಲ್ಲೇ ರಜೆ ಕಳೆಯಬಾರದು.

ಒಳ್ಳೆಯ ಪಾದರಕ್ಷೆ, ನೀರಿನ ಬಾಟಲಿ, ಕೈಯಲ್ಲೊಂದು ವೇಳಾಪಟ್ಟಿ: ಇವಿಷ್ಟಿದ್ದರೆ ದಾರಿಯ ಉದ್ದಕ್ಕೂ ಕಿಟಕಿಯ ಹೊರಗಿನ ನೋಟ ಕಾರು ನಡೆಸುವಾತನಿಗೂ ದಕ್ಕುತ್ತದೆ. ಮನೆಯ ಯಜಮಾನರಿಗೂ ಅದು ರಜೆಯೇ ಅಲ್ಲವೇ?